ಕಿವಿಯಿಂದಲೂ ಬಳಸಬಹುದಾದ ಮೊಬೈಲ್ ಆ್ಯಪ್: ಮೊದಲಿನಿಂದ ಕೊನೆವರೆಗೆ ಹಂತ ಹಂತವಾಗಿ

"ಎಲ್ಲ ಬಟನ್‌ಗೂ ಲೇಬಲ್ ಹಾಕಿದ್ದೇವೆ, ಸ್ಕ್ಯಾನರ್ ಒಂದೂ ತಪ್ಪು ತೋರಿಸುತ್ತಿಲ್ಲ. ಆದರೂ ಕಣ್ಣು ಕಾಣದವರು ಬಳಸೋಕೆ ಆಗ್ತಿಲ್ಲ ಅಂತಾರಲ್ಲ, ಯಾಕೆ?" ಆ್ಯಪ್ ಮಾಡುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹೆಚ್ಚಿನ ಸಲ ಕಾರಣ ಒಂದೇ: ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಸ್ಕ್ಯಾನರ್ (ಇಂಥ ತೊಡಕುಗಳನ್ನು ತಾನೇ ಹುಡುಕುವ ಉಪಕರಣ) ಓಡಿಸುತ್ತಾರೆ, ಅದು ಗುರುತು ಹಾಕಿದಲ್ಲೆಲ್ಲ ಒಂದೊಂದು ಹೆಸರು, ಅಂದರೆ ಲೇಬಲ್, ಅಂಟಿಸುತ್ತಾರೆ, ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಲೇಬಲ್ ಇದೆಯೋ ಇಲ್ಲವೋ ಅನ್ನುವುದು ಸ್ಕ್ಯಾನರ್‌ಗೆ ಗೊತ್ತು. ಅದನ್ನು ಕೇಳಿದವರಿಗೆ ಏನಾದರೂ ಅರ್ಥವಾಯಿತಾ, ಹಿಡಿದ ಕೆಲಸ ಮುಗಿಯಿತಾ ಅನ್ನುವುದು ಗೊತ್ತಿಲ್ಲ.

ಅದಕ್ಕೇ ಇಲ್ಲಿ ಉಲ್ಟಾ ಹೋಗೋಣ. ಮೊದಲು ಕಿವಿಯಿಂದ ಕೇಳುವುದು, ಆಮೇಲೆ ಕೋಡ್ ತಿದ್ದುವುದು, ಸ್ಕ್ಯಾನರ್ ಕೊನೆಯ ಕಡೆಗೆ.

## ಕೈಯಲ್ಲಿ ಏನೇನು ಇರಬೇಕು

ಒಂದು ನಿಜವಾದ ಆಂಡ್ರಾಯ್ಡ್ ಫೋನ್, ಒಂದು ಐಫೋನ್, ಒಂದು ಇಯರ್‌ಫೋನ್. ಎಮ್ಯುಲೇಟರ್ (ಕಂಪ್ಯೂಟರ್ ಒಳಗಿನ ನಕಲಿ ಫೋನ್) ನಂಬಿಕೊಂಡು ಕೂರಬೇಡಿ. ಬೆರಳಿನಿಂದ ಸ್ವೈಪ್ ಮಾಡುತ್ತಾ ಕೇಳುವ ಅನುಭವ ಮೌಸ್‌ನಲ್ಲಿ ಸಿಗುವುದಿಲ್ಲ.

ಆಂಡ್ರಾಯ್ಡ್‌ಗೆ ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಆ್ಯಪ್ ಹಾಕಿಕೊಳ್ಳಿ. ಐಫೋನ್‌ಗೆ ಆ್ಯಪ್ ಕಟ್ಟಲು ಆ್ಯಪಲ್ ಕೊಡುವ ಎಕ್ಸ್‌ಕೋಡ್ ಜೊತೆಗೇ ಬರುವ ಆಕ್ಸೆಸಿಬಿಲಿಟಿ ಇನ್‌ಸ್ಪೆಕ್ಟರ್ ಸಾಕು. ಬಣ್ಣಗಳ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ಅಳೆಯುವ ಯಾವುದಾದರೂ ಒಂದು ಉಪಕರಣ ಬೇಕು. ಅಳತೆಗಳಿಗೆ ಆಧಾರ ಡಬ್ಲ್ಯೂಸಿಎಜಿ 2.2, ಅಂಗವೈಕಲ್ಯ ಇರುವವರೂ ಬಳಸುವಂತೆ ಪುಟ ಮಾಡಲು ಇರುವ ಮಾರ್ಗಸೂಚಿ. ಇದನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2023ರಲ್ಲಿ ಹೊರತಂದಿತು. ವೆಬ್‌ಗಾಗಿ ಬರೆದದ್ದೇ ಆದರೂ ಆ್ಯಪ್‌ಗಳಿಗೂ ಇದೇ ಅಳತೆಗಳನ್ನು ಬಳಸುತ್ತಾರೆ.

## ಹಂತ 1: ಸ್ಕ್ರೀನ್ ರೀಡರ್ ಕಲಿಯಿರಿ

ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುವ ಸೌಲಭ್ಯವೇ ಸ್ಕ್ರೀನ್ ರೀಡರ್. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಆನ್ ಮಾಡುವ ಮುಂಚೆ ಆಫ್ ಮಾಡುವ ದಾರಿ ಮಾಡಿಟ್ಟುಕೊಳ್ಳಿ. ಇದನ್ನು ಬಿಟ್ಟವರು ಐದೇ ನಿಮಿಷದಲ್ಲಿ ಫೋನ್ ಜೊತೆ ಜಗಳಕ್ಕೆ ಬೀಳುತ್ತಾರೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಶಾರ್ಟ್‌ಕಟ್ ಆನ್ ಮಾಡಿದರೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿದಾಗ ಅದು ಆನ್ ಅಥವಾ ಆಫ್ ಆಗುತ್ತದೆ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ ಶಾರ್ಟ್‌ಕಟ್‌ಗೆ ವಾಯ್ಸ್‌ಓವರ್ ಜೋಡಿಸಿ. ಪಕ್ಕದ ಬಟನ್ ಮೂರು ಸಲ ಒತ್ತಿದರೆ ಆಯ್ತು.

ಶುರುವಿಗೆ ಮೂರು ಸನ್ನೆ ಸಾಕು. ಬಲಕ್ಕೆ ಸ್ವೈಪ್ ಮಾಡಿದರೆ ಮುಂದಿನ ಅಂಶ, ಎಡಕ್ಕೆ ಮಾಡಿದರೆ ಹಿಂದಿನದು, ಎಲ್ಲಾದರೂ ಸರಿ ಎರಡು ಸಲ ತಟ್ಟಿದರೆ ಆಯ್ಕೆ. ಸ್ಕ್ರಾಲ್ ಮಾಡಲು ಟಾಕ್‌ಬ್ಯಾಕ್‌ನಲ್ಲಿ ಎರಡು ಬೆರಳು, ವಾಯ್ಸ್‌ಓವರ್‌ನಲ್ಲಿ ಮೂರು.

ಅಭ್ಯಾಸ ನಿಮ್ಮ ಆ್ಯಪ್‌ನಲ್ಲಿ ಬೇಡ. ಫೋನಿನದೇ ಸೆಟ್ಟಿಂಗ್ಸ್‌ನಲ್ಲಿ ಅರ್ಧ ಗಂಟೆ ಓಡಾಡಿ. ಚೆನ್ನಾಗಿ ಮಾಡಿದ ಸ್ಕ್ರೀನ್ ಹೇಗೆ ಕೇಳಿಸುತ್ತದೆ ಅಂತ ಗೊತ್ತಿಲ್ಲದೆ ಕೆಟ್ಟದ್ದನ್ನು ಗುರುತಿಸುವುದು ಕಷ್ಟ.

ಸಾಮಾನ್ಯ ತಪ್ಪು: ಬಟನ್ ಎಲ್ಲಿದೆ ಅಂತ ನಿಮಗೆ ಗೊತ್ತಿರುವುದರಿಂದ ಬೆರಳು ಸೀದಾ ಅಲ್ಲಿಗೇ ಹೋಗುತ್ತದೆ. ಅದು ಪರೀಕ್ಷೆ ಅನ್ನಿಸಿಕೊಳ್ಳುವುದಿಲ್ಲ. ಸ್ಕ್ರೀನಿನ ಮೊದಲ ಅಂಶದಿಂದ ಸ್ವೈಪ್ ಮಾಡುತ್ತಲೇ ಹೋಗಿ.

## ಹಂತ 2: ಸ್ಕ್ರೀನ್ ಬಿಡಿ, ಕೆಲಸ ಹಿಡಿಯಿರಿ

"ಮುಖಪುಟ ಮುಗೀತು, ಪ್ರೊಫೈಲ್ ಮುಗೀತು" ಅಂತ ಸ್ಕ್ರೀನ್ ಲೆಕ್ಕದಲ್ಲಿ ಹೋದರೆ ನಡುವಿನ ಕೊಂಡಿಗಳು ತಪ್ಪಿಹೋಗುತ್ತವೆ. ಅದರ ಬದಲು ಜನ ನಿಮ್ಮ ಆ್ಯಪ್ ಹಾಕಿಕೊಳ್ಳುವುದೇ ಯಾವ ಕೆಲಸಕ್ಕೆ ಅಂತ ಮೂರು ನಾಲ್ಕು ಬರೆದುಕೊಳ್ಳಿ. ಖಾತೆ ತೆರೆಯುವುದು, ಹುಡುಕುವುದು, ಹಣ ಕಟ್ಟುವುದು, ಮಾಡಿದ್ದನ್ನು ರದ್ದು ಮಾಡುವುದು, ಹೀಗೆ.

ಪ್ರತಿಯೊಂದನ್ನೂ ಸ್ಕ್ರೀನ್ ರೀಡರ್ ಆನ್ ಇಟ್ಟುಕೊಂಡು ಮೊದಲಿನಿಂದ ಕೊನೆವರೆಗೆ ಮಾಡಿ. ಎಲ್ಲಿ ಸಿಕ್ಕಿಬಿದ್ದಿರಿ, ಎಲ್ಲಿ ಕಣ್ಣು ಹಾಯಿಸಿ ಕದ್ದು ನೋಡಿದಿರಿ ಅಂತ ಬರೆದಿಡಿ. ಈಗಲೇ ತಿದ್ದಲು ಹೋಗಬೇಡಿ. ಪಟ್ಟಿ ಪೂರ್ತಿಯಾದ ಮೇಲೆ, ಕೆಲಸವನ್ನೇ ನಿಲ್ಲಿಸಿಬಿಡುವ ತೊಡಕುಗಳನ್ನು ಮೊದಲಿಗೆ ಹಾಕಿ. ಲಾಗಿನ್ ಅದರಲ್ಲೂ ಮೊದಲು. ಅಲ್ಲಿ ಬೀಗ ಬಿದ್ದಿದ್ದರೆ ಒಳಗಿನ ಕೋಣೆ ಎಷ್ಟು ಚೆನ್ನಾಗಿದ್ದರೇನು?

## ಹಂತ 3: ಹೆಸರು ಕೊಡುವುದು

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಕಂಟೆಂಟ್ ಡಿಸ್ಕ್ರಿಪ್ಷನ್, ಐಫೋನ್ ಮತ್ತು ರಿಯಾಕ್ಟ್ ನೇಟಿವ್‌ನಲ್ಲಿ ಆಕ್ಸೆಸಿಬಿಲಿಟಿ ಲೇಬಲ್, ಫ್ಲಟರ್‌ನಲ್ಲಿ ಸೆಮ್ಯಾಂಟಿಕ್ಸ್ ವಿಜೆಟ್. ಎಲ್ಲಿ ಬರೆಯಬೇಕು ಅನ್ನುವುದು ಸುಲಭ. ಏನು ಬರೆಯಬೇಕು ಅನ್ನುವಲ್ಲೇ ಜನ ಎಡವುವುದು.

ಚಿತ್ರ ಹೇಗಿದೆ ಅಂತ ಹೇಳಬೇಡಿ, ಒತ್ತಿದರೆ ಏನಾಗುತ್ತದೆ ಅಂತ ಹೇಳಿ. "ಹೃದಯ" ಬೇಡ, "ಮೆಚ್ಚಿನವುಗಳಿಗೆ ಸೇರಿಸು" ಬೇಕು. "ಮೂರು ಚುಕ್ಕೆ" ಬೇಡ, "ಇನ್ನಷ್ಟು ಆಯ್ಕೆಗಳು" ಬೇಕು. ಹೆಸರಿನಲ್ಲಿ "ಬಟನ್" ಅನ್ನುವ ಪದ ಸೇರಿಸಬೇಡಿ. ಅದು ಬಟನ್ ಅಂತ ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ನೀವೂ ಬರೆದರೆ "ಕಳುಹಿಸು ಬಟನ್, ಬಟನ್" ಅಂತ ಕೇಳಿಸುತ್ತದೆ.

ಮುಖ್ಯ ಪದ ಮೊದಲು ಬರಲಿ. ದಿನಾ ಬಳಸುವವರು ಧ್ವನಿಯ ವೇಗ ಜಾಸ್ತಿ ಇಟ್ಟಿರುತ್ತಾರೆ. ಮೊದಲ ಒಂದೆರಡು ಪದ ಕೇಳಿ ಬೇಡ ಅನ್ನಿಸಿದರೆ ಮುಂದಕ್ಕೆ ಸ್ವೈಪ್ ಮಾಡಿಬಿಡುತ್ತಾರೆ. "ಈ ಬಟನ್ ಒತ್ತುವ ಮೂಲಕ ನೀವು ನಿಮ್ಮ ಫೈಲನ್ನು ಅಳಿಸಬಹುದು" ಅಂತ ಭಾಷಣ ಬೇಡ. "ಫೈಲ್ ಅಳಿಸು", ಸಾಕು.

ಆನ್-ಆಫ್ ಸ್ವಿಚ್‌ಗಳಲ್ಲಿ ಹೆಸರು ಮತ್ತು ಸ್ಥಿತಿ ಎರಡನ್ನೂ ಬದಲಿಸಿ ಎಡವಟ್ಟು ಮಾಡಿಕೊಳ್ಳುವವರು ಬಹಳ. ಮೈಕ್ ಬಂದ್ ಮಾಡುವ ಬಟನ್ "ಮ್ಯೂಟ್ ತೆಗೆ, ಆನ್" ಅಂದರೆ ಈಗ ದನಿ ಹೋಗುತ್ತಿದೆಯೋ ಇಲ್ಲವೋ? ಹೆಸರು "ಮೈಕ್" ಅಂತಲೇ ಇರಲಿ, ಸ್ಥಿತಿ ಮಾತ್ರ ಆನ್ ಅಥವಾ ಆಫ್ ಆಗಲಿ.

ಸುಮ್ನೆ ಅಂದಕ್ಕೆ ಇಟ್ಟ ಚಿತ್ರ, ಗೆರೆ, ನೆರಳು, ಪಕ್ಕದಲ್ಲೇ ಪಠ್ಯ ಇರುವ ಐಕಾನ್, ಇವಕ್ಕೆಲ್ಲ ಹೆಸರೇ ಬೇಡ. ಸ್ಕ್ರೀನ್ ರೀಡರ್‌ನಿಂದ ಮರೆಮಾಡಿ. ಎಲ್ಲಕ್ಕೂ ಹೆಸರು ಕೊಡುವ ಹುಮ್ಮಸ್ಸಿನಲ್ಲಿ ಮಾತು ನಿಲ್ಲಿಸದ ಆ್ಯಪ್ ಹುಟ್ಟಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಹೆಸರಿಲ್ಲದ ಒಂದು ಬಟನ್‌ಗಿಂತ ಹೆಸರಿರುವ ನಲವತ್ತು ಅಲಂಕಾರಗಳೇ ಹೆಚ್ಚು ಕಾಟ.

ಎಚ್ಚರಿಕೆ: ಆಂಡ್ರಾಯ್ಡ್‌ನ ಎಡಿಟ್‌ಟೆಕ್ಸ್ಟ್‌ಗೆ (ಟೈಪ್ ಮಾಡುವ ಖಾನೆಗೆ) ಕಂಟೆಂಟ್ ಡಿಸ್ಕ್ರಿಪ್ಷನ್ ಹಾಕಬೇಡಿ. ಹಾಕಿದರೆ ಟಾಕ್‌ಬ್ಯಾಕ್ ಅದನ್ನೇ ಓದಬಹುದು, ಬಳಕೆದಾರರು ಟೈಪ್ ಮಾಡಿದ್ದು ಅವರಿಗೇ ಕೇಳಿಸದೆ ಹೋಗಬಹುದು. ಅಲ್ಲಿಗೆ ಹಿಂಟ್ ಅಥವಾ ಲೇಬಲ್‌ಫಾರ್ ಬಳಸಿ.

ಇನ್ನೊಂದು ವಿಷಯ. ಕಾಣುವ ಪಠ್ಯವೆಲ್ಲ ಕನ್ನಡಕ್ಕೆ ಬಂದಿರುತ್ತದೆ, ಲೇಬಲ್‌ಗಳು ಮಾತ್ರ ಕೋಡ್ ಒಳಗೆ ಇಂಗ್ಲಿಷ್‌ನಲ್ಲೇ ಉಳಿದಿರುತ್ತವೆ. ಲೇಬಲ್‌ಗಳೂ ಅನುವಾದದ ಸ್ಟ್ರಿಂಗ್ ಫೈಲಿಗೆ ಸೇರಬೇಕು. ಒಂದೇ ಸ್ಕ್ರೀನಿನಲ್ಲಿ ಎರಡು ಭಾಷೆ ಇದ್ದರೆ ಆ ತುಣುಕು ಯಾವ ಭಾಷೆಯದು ಅಂತ ಗುರುತು ಹಾಕಿ. ಕನ್ನಡ ಬಾರದ ಧ್ವನಿಗೆ ಕನ್ನಡ ಅಕ್ಷರ ಸಿಕ್ಕರೆ ಅದು ತಪ್ಪಾಗಿ ಓದುತ್ತದೆ, ಇಲ್ಲವೇ ನುಂಗಿಬಿಡುತ್ತದೆ.

## ಹಂತ 4: ಗುಂಪು, ಕ್ರಮ, ಶೀರ್ಷಿಕೆ

ಲೇಬಲ್ ಎಲ್ಲ ಸರಿ ಇದ್ದರೂ ಆ್ಯಪ್ ಸಾಕು ಸಾಕು ಅನ್ನಿಸುವುದು ಇಲ್ಲಿಯ ತಪ್ಪಿನಿಂದ.

ಒಂದು ಮೇಲ್ ಆ್ಯಪ್ ಅಂದುಕೊಳ್ಳಿ. ಪ್ರತಿ ಸಾಲಿನಲ್ಲಿ ಕಳುಹಿಸಿದವರ ಚಿತ್ರ, ಹೆಸರು, ವಿಷಯ, ಸಮಯ, ನಕ್ಷತ್ರದ ಬಟನ್, ಹೀಗೆ ಐದು ಅಂಶ. ಇವು ಬಿಡಿಬಿಡಿಯಾಗಿದ್ದರೆ ಹತ್ತು ಮೇಲ್ ದಾಟಲು ಐವತ್ತು ಸ್ವೈಪ್. ಅದೂ ಹೇಗೆ ಕೇಳಿಸುತ್ತದೆ ನೋಡಿ: "ಚಿತ್ರ." "ಗ್ರಂಥಾಲಯ." "ಪುಸ್ತಕ ಹಿಂದಿರುಗಿಸುವ ದಿನ." "ಬೆಳಿಗ್ಗೆ 9:40." "ನಕ್ಷತ್ರ, ಬಟನ್." ಆ ನಕ್ಷತ್ರ ಮೇಲಿನ ಮೇಲ್‌ದೋ ಕೆಳಗಿನದೋ, ದೇವರಿಗೇ ಗೊತ್ತು.

ಸಾಲನ್ನು ಒಂದೇ ಅಂಶ ಮಾಡಿ: "ಓದಿಲ್ಲ, ಗ್ರಂಥಾಲಯ, ಪುಸ್ತಕ ಹಿಂದಿರುಗಿಸುವ ದಿನ, ಬೆಳಿಗ್ಗೆ 9:40." ಹತ್ತು ಮೇಲ್‌ಗೆ ಹತ್ತೇ ಸ್ವೈಪ್. ನಕ್ಷತ್ರ ಹಾಕುವುದು, ಅಳಿಸುವುದು ಇವನ್ನು ಅದೇ ಸಾಲಿನ ಕಸ್ಟಮ್ ಆ್ಯಕ್ಷನ್ ಮಾಡಿ. ಬೇಕಾದವರು ಸ್ಕ್ರೀನ್ ರೀಡರ್‌ನ ಆ್ಯಕ್ಷನ್ ಪಟ್ಟಿಯಿಂದ ಆರಿಸಿಕೊಳ್ಳುತ್ತಾರೆ. ಆಂಡ್ರಾಯ್ಡ್‌ನ ಕಂಪೋಸ್‌ನಲ್ಲಿ ಮರ್ಜ್ ಡಿಸೆಂಡೆಂಟ್ಸ್, ಐಫೋನ್‌ನ ಸ್ವಿಫ್ಟ್‌ಯುಐನಲ್ಲಿ ಚಿಲ್ಡ್ರನ್ ಕಂಬೈನ್, ಫ್ಲಟರ್‌ನಲ್ಲಿ ಮರ್ಜ್ ಸೆಮ್ಯಾಂಟಿಕ್ಸ್ ಇದೇ ಕೆಲಸಕ್ಕೆ ಇವೆ. "ಓದಿಲ್ಲ" ಅನ್ನುವುದನ್ನು ಗಮನಿಸಿದಿರಾ? ಕಣ್ಣಿಗೆ ಅದು ಬರೀ ದಪ್ಪ ಅಕ್ಷರ. ಕಿವಿಗೆ ನೀವೇ ಹೇಳಬೇಕು.

ಅತಿ ಮಾಡಬೇಡಿ. ಇಡೀ ಕಾರ್ಡ್ ಒಂದಾಗಿಸಿ, ಅದರೊಳಗಿದ್ದ ಲಿಂಕ್ ತಲುಪಲಾಗದಂತೆ ಮಾಡಿಬಿಡುವುದೂ ಉಂಟು.

ಕ್ರಮ: ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಲೇಔಟ್ ಬರೆದಿರುವ ರೀತಿ ನೋಡಿಕೊಂಡು ಹೋಗುತ್ತದೆ. ಫೋಕಸ್ (ಸ್ಕ್ರೀನ್ ರೀಡರ್ ಸದ್ಯ ನಿಂತಿರುವ ಜಾಗ) ಮೇಲಿನಿಂದ ತಳಕ್ಕೆ ಜಿಗಿದು ಮತ್ತೆ ನಡುವಿಗೆ ಬಂದರೆ ಮೊದಲು ಲೇಔಟನ್ನೇ ಸರಿಮಾಡಿ. ಟ್ರಾವರ್ಸಲ್ ಆರ್ಡರ್, ಅಂದರೆ ಓದುವ ಕ್ರಮವನ್ನು, ಕೈಯಾರೆ ಬರೆಯುವುದು ಕೊನೆಯ ದಾರಿ. ಮುಂದಿನ ಸಲ ಸ್ಕ್ರೀನ್ ಬದಲಾದಾಗ ಅದನ್ನು ತಿದ್ದಲು ಯಾರಿಗೂ ನೆನಪಿರುವುದಿಲ್ಲ.

ಶೀರ್ಷಿಕೆ: ದಪ್ಪ ಅಕ್ಷರ ಹಾಕಿದ ಮಾತ್ರಕ್ಕೆ ಅದು ಶೀರ್ಷಿಕೆ ಆಗುವುದಿಲ್ಲ. ಹೆಡಿಂಗ್ ಅಂತ ಕೋಡ್‌ನಲ್ಲಿ ಗುರುತು ಹಾಕಿ. ಆಗ ವಾಯ್ಸ್‌ಓವರ್‌ನ ರೋಟರ್ ಅಥವಾ ಟಾಕ್‌ಬ್ಯಾಕ್‌ನ ರೀಡಿಂಗ್ ಕಂಟ್ರೋಲ್ಸ್ ಬಳಸಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ಒಂದು ಸಾಲಿನ ಕೋಡ್, ಲಾಭ ಬಹಳ.

## ಹಂತ 5: ನೀವೇ ಕಟ್ಟಿದ ಕಂಟ್ರೋಲ್‌ಗಳು

ಸಿಸ್ಟಮ್ ಕೊಡುವ ಬಟನ್, ಚೆಕ್‌ಬಾಕ್ಸ್, ಸ್ಲೈಡರ್ ಬಳಸಿದರೆ ಅರ್ಧ ಕೆಲಸ ಪುಕ್ಕಟೆ. ಸ್ವಂತವಾಗಿ ಚಿತ್ರಿಸಿದರೆ ಹೆಸರು, ಅದು ಏನು ಅನ್ನುವ ಗುರುತು, ಈಗಿನ ಸ್ಥಿತಿ, ಮಾಡಬಹುದಾದ ಕ್ರಿಯೆ, ಈ ನಾಲ್ಕನ್ನೂ ನೀವೇ ಹೇಳಬೇಕಾಗುತ್ತದೆ.

ಸೀಟ್ ಆರಿಸುವ ನಕ್ಷೆ ಒಳ್ಳೆಯ ಉದಾಹರಣೆ. ಕಣ್ಣಿಗೆ ಹಸಿರು ಚೌಕ ಖಾಲಿ, ಬೂದು ಚೌಕ ಭರ್ತಿ. ಇಡೀ ನಕ್ಷೆಯನ್ನು ಒಂದೇ ಕ್ಯಾನ್ವಾಸ್ ಮೇಲೆ ಬಿಡಿಸಿದ್ದರೆ ಸ್ಕ್ರೀನ್ ರೀಡರ್‌ಗೆ ಅಲ್ಲಿ ಏನೂ ಇಲ್ಲ, ಬರೀ ಮೌನ. ಪ್ರತಿ ಸೀಟೂ ಬೇರೆ ಅಂಶವಾಗಿ "ಸಾಲು 4, ಕಿಟಕಿ ಪಕ್ಕದ ಸೀಟ್, ಖಾಲಿ" ಅಂತ ಕೇಳಿಸಬೇಕು. ಆಂಡ್ರಾಯ್ಡ್‌ನಲ್ಲಿ ಎಕ್ಸ್‌ಪ್ಲೋರ್ ಬೈ ಟಚ್ ಹೆಲ್ಪರ್, ಐಫೋನ್‌ನಲ್ಲಿ ಯುಐ ಆಕ್ಸೆಸಿಬಿಲಿಟಿ ಎಲಿಮೆಂಟ್ ಬಳಸಿ ಕ್ಯಾನ್ವಾಸ್ ಒಳಗೂ ಇಂಥ ಅಂಶಗಳನ್ನು ಹುಟ್ಟಿಸಬಹುದು. ಅದಕ್ಕಿಂತ ಮೇಲು, ಪಕ್ಕದಲ್ಲೇ "ಖಾಲಿ ಸೀಟುಗಳ ಪಟ್ಟಿ" ಅಂತ ಒಂದು ಬಟನ್. ನೂರು ಚೌಕ ಸ್ವೈಪ್ ಮಾಡಲು ಯಾರಿಗೆ ಪುರುಸೊತ್ತಿದೆ? ಕಣ್ಣು ಕಾಣುವವರೂ ಆ ಪಟ್ಟಿಯನ್ನೇ ಇಷ್ಟಪಡಬಹುದು.

ಎಳೆದು ಅಳಿಸುವುದು, ಒತ್ತಿ ಹಿಡಿಯುವುದು, ಎಳೆದು ಜಾಗ ಬದಲಿಸುವುದು, ಇಂಥ ಸನ್ನೆಯಿಂದ ಮಾತ್ರ ಆಗುವ ಕೆಲಸ ಒಂದೂ ಇರಬಾರದು. ಎಲ್ಲಕ್ಕೂ ಕಸ್ಟಮ್ ಆ್ಯಕ್ಷನ್ ಅಥವಾ ಮಾಮೂಲಿ ಬಟನ್ ಜೊತೆಗಿರಲಿ.

ಎಚ್ಚರಿಕೆ: ಎರಡು ಸಲ ತಟ್ಟಿದರೂ ಏನೂ ಆಗುತ್ತಿಲ್ಲ ಅಂದರೆ, ಕೋಡ್ ಬರೀ ಟಚ್ ಈವೆಂಟ್‌ಗೆ ಕಿವಿಗೊಟ್ಟಿದೆ, ಕ್ಲಿಕ್ ಆ್ಯಕ್ಷನ್ ಬರೆದಿಲ್ಲ ಅಂತ ಅನುಮಾನಪಡಿ.

## ಹಂತ 6: ಫಾರ್ಮ್, ಒಟಿಪಿ, ತಪ್ಪಿನ ಸಂದೇಶ

ಟೈಪ್ ಮಾಡಲು ಶುರುಮಾಡಿದ ಕೂಡಲೇ ಮಾಯವಾಗುವ ಪ್ಲೇಸ್‌ಹೋಲ್ಡರನ್ನೇ ಹೆಸರಾಗಿ ನಂಬಬೇಡಿ. ಪ್ರತಿ ಖಾನೆಗೂ ಸದಾ ಇರುವ ಲೇಬಲ್ ಬೇಕು.

ಒಟಿಪಿಗೆ ಆರು ಪುಟ್ಟ ಪೆಟ್ಟಿಗೆ ಇಡುವುದು ನೋಡಲು ಚೆಂದ, ಕೇಳಲು ಹಿಂಸೆ. ಪ್ರತಿ ಅಂಕಿಗೂ ಫೋಕಸ್ ಜಿಗಿಯುತ್ತದೆ, "ಖಾಲಿ ಪಠ್ಯ ಖಾನೆ" ಅಂತ ಆರು ಸಲ ಕೇಳಿಸುತ್ತದೆ, ಒಂದು ಅಂಕಿ ತಪ್ಪಿದರೆ ಯಾವುದು ಅಂತ ಹುಡುಕಬೇಕು. ಒಳಗೆ ಒಂದೇ ಖಾನೆ ಇಟ್ಟು ಮೇಲೆ ಮಾತ್ರ ಆರು ಪೆಟ್ಟಿಗೆ ಕಾಣುವಂತೆ ಬಿಡಿಸಿ. ಪೇಸ್ಟ್ ಮತ್ತು ಆಟೋಫಿಲ್ ತಡೆಯಬೇಡಿ. ಸಮಯದ ಮಿತಿ ಇದ್ದರೆ ಮುಗಿಯುವ ಮುಂಚೆಯೇ ತಿಳಿಸಿ, ಇನ್ನಷ್ಟು ಸಮಯ ಕೇಳುವ ದಾರಿ ಕೊಡಿ. ಮೆಸೇಜ್ ಆ್ಯಪ್‌ಗೆ ಹೋಗಿ ಕೇಳಿಕೊಂಡು ವಾಪಸ್ ಬರಲು ಹೊತ್ತು ಹಿಡಿಯುತ್ತದೆ ಅಲ್ವಾ?

ಖಾನೆಯ ಅಂಚು ಕೆಂಪಾಗುವುದು ಸಂದೇಶವಲ್ಲ. "ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು" ಅಂತ ಪಠ್ಯದಲ್ಲಿ ಬರೆಯಿರಿ, ಆ ಖಾನೆಗೇ ಜೋಡಿಸಿ, ಫೋಕಸ್ ತಪ್ಪಾದ ಮೊದಲ ಖಾನೆಗೆ ಹೋಗಲಿ. ಚಿತ್ರ ನೋಡಿ ಬಿಡಿಸುವ ಕ್ಯಾಪ್ಚಾ ಒಂದನ್ನೇ ಇಟ್ಟರೆ ಹೊರಗೆ ನಿಲ್ಲಿಸಿದಂತೆಯೇ. ಬೇರೆ ದಾರಿ ಕೊಡಲೇಬೇಕು.

## ಹಂತ 7: ಬದಲಾವಣೆ ಕೇಳಿಸಬೇಕು

"ಹುಡುಕು" ಒತ್ತಿದರು. ಚಕ್ರ ತಿರುಗಿತು, ಫಲಿತಾಂಶ ಬಂತು. ಕಿವಿಗೆ ಏನೂ ಬರಲಿಲ್ಲ. ಒತ್ತಿದ್ದು ಆಗಲಿಲ್ಲವೇನೋ ಅಂತ ಮತ್ತೆ ಒತ್ತುತ್ತಾರೆ. ಹಣ ಕಟ್ಟುವ ಸ್ಕ್ರೀನಿನಲ್ಲಿ ಹೀಗಾದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಬದಲಾಗುವ ಪಠ್ಯವನ್ನು ಲೈವ್ ರೀಜನ್ (ಬದಲಾದರೆ ಸ್ಕ್ರೀನ್ ರೀಡರ್ ತಾನೇ ಓದುವ ಭಾಗ) ಮಾಡಿ, ಪೊಲೈಟ್ ಮಟ್ಟದಲ್ಲಿ, ಅಂದರೆ ಈಗಿನ ಮಾತು ಮುಗಿದ ಮೇಲೆ ಓದುವಂತೆ, ಇಡಿ. ಮಾತಿನ ನಡುವೆ ಬಾಯಿ ಹಾಕುವ ಅಸರ್ಟಿವ್ ಮಟ್ಟ ತುರ್ತಿಗೆ ಮಾತ್ರ. ಡೌನ್‌ಲೋಡ್ ಶೇಕಡಾ 1, 2, 3 ಅಂತ ಎಣಿಸುತ್ತಾ ಹೋದರೆ ಬಳಕೆದಾರರು ಆ್ಯಪ್ ಮುಚ್ಚುತ್ತಾರೆ. ಶುರುವಾಯಿತು, ಮುಗಿಯಿತು, ಅಷ್ಟು ಸಾಕು. ಆಂಡ್ರಾಯ್ಡ್‌ನಲ್ಲಿ ಅನೌನ್ಸ್ ಫಾರ್ ಆಕ್ಸೆಸಿಬಿಲಿಟಿ (ಕೋಡ್‌ನಿಂದ ನೇರವಾಗಿ ಮಾತಾಡಿಸುವ ಆಜ್ಞೆ) ಬಳಸುವ ಹಳೆಯ ರೂಢಿ ಬಿಡಿ. ಆಂಡ್ರಾಯ್ಡ್ 16ರಿಂದ ಅದನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಲಾಗಿದೆ.

ಡೈಲಾಗ್ ತೆರೆದಾಗ ಫೋಕಸ್ ಅದರೊಳಗೆ ಹೋಗಬೇಕು. ಮುಚ್ಚಿದಾಗ, ತೆರೆದ ಬಟನ್‌ಗೇ ವಾಪಸ್ ಬರಬೇಕು. ಡೈಲಾಗ್ ತೆರೆದಿರುವಾಗ ಸ್ವೈಪ್ ಮಾಡುತ್ತಾ ಹೋದರೆ ಹಿಂದಿನ ಸ್ಕ್ರೀನಿನ ಅಂಶ ಕೇಳಿಸುತ್ತಿದೆಯಾ? ಹಾಗಿದ್ದರೆ ಹಿಂದಿನದು ಮರೆಯಾಗಿಲ್ಲ. ಸ್ವಂತವಾಗಿ ಕಟ್ಟಿದ ಬಾಟಮ್ ಶೀಟ್‌ಗಳಲ್ಲಿ (ಪರದೆಯ ತಳದಿಂದ ಮೇಲೇಳುವ ಫಲಕಗಳಲ್ಲಿ) ಈ ದೋಷ ಬಹಳ ಸಿಗುತ್ತದೆ.

## ಹಂತ 8: ಸ್ವಲ್ಪ ಕಾಣುವವರಿಗೆ

ದೃಷ್ಟಿ ತೊಂದರೆ ಇರುವ ಎಲ್ಲರೂ ಸ್ಕ್ರೀನ್ ರೀಡರ್ ಬಳಸುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡು, ಫೋನ್ ಕಣ್ಣಿಗೆ ಹತ್ತಿರ ಹಿಡಿದು ಓದುವವರು ತುಂಬಾ ಇದ್ದಾರೆ.

ಫೋನಿನ ಅಕ್ಷರ ಗಾತ್ರ ಪೂರ್ತಿ ಏರಿಸಿ ಆ್ಯಪ್ ತೆರೆಯಿರಿ. ಡಬ್ಲ್ಯೂಸಿಎಜಿ ಪ್ರಕಾರ ಪಠ್ಯ ಶೇಕಡಾ 200ರಷ್ಟು ದೊಡ್ಡದಾದರೂ ಏನೂ ಕಳೆದುಹೋಗಬಾರದು. ಫೋನಿನ ಅಕ್ಷರ ಗಾತ್ರಕ್ಕೆ ತಕ್ಕಂತೆ ಹಿಗ್ಗಲು ಆಂಡ್ರಾಯ್ಡ್‌ನಲ್ಲಿ ಎಸ್‌ಪಿ ಅಳತೆ, ಐಫೋನ್‌ನಲ್ಲಿ ಡೈನಮಿಕ್ ಟೈಪ್ ಬಳಸಿ. ಪಠ್ಯದ ಪೆಟ್ಟಿಗೆಗೆ ಎತ್ತರ ನಿಗದಿ ಮಾಡಬೇಡಿ. ಕನ್ನಡದಲ್ಲಂತೂ ಇದರ ಪೆಟ್ಟು ಜಾಸ್ತಿ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಸಾಲಿನ ಎತ್ತರದಲ್ಲಿ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. "ಕತ್ತು" ಹೋಗಿ "ಕತು" ಆದರೆ ಓದುವವರು ಏನು ಮಾಡಬೇಕು?

ಕಾಂಟ್ರಾಸ್ಟ್ ಮಾಮೂಲಿ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಪಠ್ಯಕ್ಕೂ ಅರ್ಥ ಇರುವ ಐಕಾನ್‌ಗೂ 3:1 ಇರಬೇಕು. ಬಿಳಿ ಹಿನ್ನೆಲೆ ಮೇಲೆ #767676 ಬೂದು 4.54 ಬರುತ್ತದೆ, ಪಾಸು. #777777 ಹಾಕಿದರೆ 4.48, ಫೇಲು. ಪ್ಲೇಸ್‌ಹೋಲ್ಡರ್‌ಗೆ ಜನ ಇಷ್ಟಪಟ್ಟು ಹಾಕುವ #999999 ಬರೀ 2.85. ಕಣ್ಣಳತೆಗೆ ಮೂರೂ ಬೂದೇ, ಹಾಗಾಗಿ ಅಂದಾಜು ಬೇಡ, ಅಳೆದೇ ಹಾಕಿ. ಡಾರ್ಕ್ ಮೋಡ್‌ನಲ್ಲೂ ಬೇರೆಯಾಗಿ ಅಳೆಯಿರಿ.

ಬರೀ ಬಣ್ಣದಿಂದ ಏನನ್ನೂ ಹೇಳಬೇಡಿ. ಜೊತೆಗೆ ಪದವೋ ಆಕಾರವೋ ಇರಲಿ. ಒತ್ತುವ ಜಾಗ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ, ಐಫೋನ್‌ನಲ್ಲಿ 44 ಪಾಯಿಂಟ್. ಐಕಾನ್ ಚಿಕ್ಕದಿದ್ದರೂ ಪರವಾಗಿಲ್ಲ, ಸುತ್ತ ಪ್ಯಾಡಿಂಗ್ ಕೊಡಿ.

## ಹಂತ 9: ಈಗ ಸ್ಕ್ಯಾನರ್

ಬಿಟ್ಟುಹೋದ ಲೇಬಲ್, ಕಡಿಮೆ ಕಾಂಟ್ರಾಸ್ಟ್, ಚಿಕ್ಕ ಬಟನ್ ಇವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಕೈಯಿಂದ ಓಡಿಸುವುದಷ್ಟೇ ಅಲ್ಲ, ಬಿಲ್ಡ್‌ಗೂ ಜೋಡಿಸಿ. ಆಂಡ್ರಾಯ್ಡ್‌ನ ಎಸ್ಪ್ರೆಸೊ ಅನ್ನುವ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಆಕ್ಸೆಸಿಬಿಲಿಟಿ ಚೆಕ್ಸ್ ಆನ್ ಮಾಡಬಹುದು. ಎಕ್ಸ್‌ಕೋಡ್ 15ರಿಂದ ಯುಐ ಪರೀಕ್ಷೆಗಳಲ್ಲೇ ಆಕ್ಸೆಸಿಬಿಲಿಟಿ ಆಡಿಟ್ ಓಡಿಸಬಹುದು. "ಐಕಾನ್ 24" ಅನ್ನುವ ಲೇಬಲ್‌ಗೂ ಇವು ಪಾಸ್ ಕೊಡಬಹುದು, ಅದು ನೆನಪಿರಲಿ.

## ಹಂತ 10: ಸ್ಕ್ರೀನ್ ಕಪ್ಪಾಗಿಸಿ ಪರೀಕ್ಷೆ

ಹಂತ 2ರಲ್ಲಿ ಬರೆದ ಕೆಲಸಗಳನ್ನು ಈಗ ಸ್ಕ್ರೀನ್ ಪೂರ್ತಿ ಕಪ್ಪಾಗಿಸಿ ಮಾಡಿ. ವಾಯ್ಸ್‌ಓವರ್‌ನಲ್ಲಿ ಮೂರು ಬೆರಳಿಂದ ಮೂರು ಸಲ ತಟ್ಟಿದರೆ ಪರದೆ ಕಪ್ಪಾಗುತ್ತದೆ. ಜೂಮ್ ಕೂಡ ಆನ್ ಇದ್ದರೆ ನಾಲ್ಕು ಸಲ. ಟಾಕ್‌ಬ್ಯಾಕ್‌ನಲ್ಲಿ ಅದರ ಮೆನುವಿನಲ್ಲೇ ಸ್ಕ್ರೀನ್ ಮರೆಮಾಡುವ ಆಯ್ಕೆ ಇದೆ. ಕಣ್ಣು ಮುಚ್ಚಿಕೊಂಡು ಮಾಡುವುದಕ್ಕಿಂತ ಇದು ಮೇಲು, ಕದ್ದು ನೋಡಲು ಆಗುವುದಿಲ್ಲ.

ಆಮೇಲೆ ದಿನನಿತ್ಯ ಸ್ಕ್ರೀನ್ ರೀಡರ್ ಬಳಸುವವರನ್ನು ಕರೆಯಿರಿ. ಅವರ ಸಮಯಕ್ಕೆ ಹಣ ಕೊಡಿ. ಉಪಕಾರಕ್ಕೆ ಕರೆದು ಚಹಾ ಕೊಟ್ಟು ಕಳಿಸುವ ಅಭ್ಯಾಸ ಒಳ್ಳೆಯದಲ್ಲ. ಅವರ ಫೋನಿನಲ್ಲೇ, ಅವರ ಧ್ವನಿ ವೇಗದಲ್ಲೇ ಮಾಡಲಿ. "ಬಲಗಡೆ ಮೇಲೆ ನೀಲಿ ಬಟನ್ ಒತ್ತಿ ಸರ್" ಅಂತ ದಾರಿ ತೋರಿಸಬೇಡಿ. "ನಾಳೆಗೆ ಒಂದು ಸೀಟ್ ಕಾದಿರಿಸಿ" ಅಂತ ಕೆಲಸ ಮಾತ್ರ ಹೇಳಿ ಸುಮ್ಮನಿರಿ. ಒಬ್ಬರು ಸಾಲದು. ಹುಟ್ಟಿನಿಂದ ಕಾಣದವರು, ಇತ್ತೀಚೆಗೆ ದೃಷ್ಟಿ ಕಳೆದುಕೊಂಡವರು, ಅಕ್ಷರ ದೊಡ್ಡದು ಮಾಡಿ ಓದುವವರು, ಇವರೆಲ್ಲ ಫೋನ್ ಬಳಸುವ ರೀತಿಯೇ ಬೇರೆ ಬೇರೆ.

ಗಮನಿಸಬೇಕಾದ ಸೂಚನೆಗಳು: ಒಂದೇ ಜಾಗದಲ್ಲಿ ಹಿಂದೆ ಮುಂದೆ ಸ್ವೈಪ್ ಮಾಡುತ್ತಿದ್ದರೆ ಹೆಸರು ಅರ್ಥವಾಗಿಲ್ಲ. ಒಂದೇ ಬಟನ್ ಎರಡು ಸಲ ಒತ್ತಿದರೆ ಒತ್ತಿದ್ದರ ಫಲ ಕೇಳಿಸಿಲ್ಲ. ಸ್ಕ್ರೀನಿನ ಮೊದಲಿಗೆ ವಾಪಸ್ ಹೋಗಿ ಮತ್ತೆ ಶುರುಮಾಡಿದರೆ ಫೋಕಸ್ ಎಲ್ಲೋ ಕಳೆದುಹೋಗಿದೆ.

## ಹಂತ 11: ಅಪ್‌ಡೇಟ್‌ನಲ್ಲಿ ಕೆಡದಂತೆ

ಸರಿಯಿದ್ದ ಆ್ಯಪ್ ಹೊಸ ವಿನ್ಯಾಸ ಬಂದ ದಿನ ಕೆಟ್ಟುಹೋಗುವುದು ಮಾಮೂಲು. ಲೇಬಲ್, ಓದುವ ಕ್ರಮ, ಶೀರ್ಷಿಕೆ ಇವನ್ನು ಡಿಸೈನ್ ಫೈಲಿನಲ್ಲೇ ಬರೆಯುವ ರೂಢಿ ಮಾಡಿ. ಕೋಡ್ ಬರೆಯುವವರು ಕೊನೆ ಗಳಿಗೆಯಲ್ಲಿ ಹೆಸರು ಊಹಿಸುವ ಹಾಗೆ ಆಗಬಾರದು. ಪ್ರತಿ ಬಿಡುಗಡೆಗೆ ಮುಂಚೆ ಆ ಮೂರು ನಾಲ್ಕು ಕೆಲಸಗಳನ್ನು ಕಪ್ಪು ಸ್ಕ್ರೀನಿನಲ್ಲಿ ಒಮ್ಮೆ ಮಾಡಿ ನೋಡಲಿ. ಕೆಲಸ ನಿಂತರೆ ಬಿಡುಗಡೆಯೂ ನಿಲ್ಲಲಿ. "ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ" ಅಂದದ್ದು ಬಹುಪಾಲು ಅಲ್ಲೇ ಉಳಿಯುತ್ತದೆ.

ದೂರು ಹೇಳುವ ದಾರಿಯನ್ನೂ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸಿ. ಸ್ಕ್ರೀನ್‌ಶಾಟ್ ಕಡ್ಡಾಯ ಮಾಡಬೇಡಿ, ಯಾವ ಕೆಲಸ ಮಾಡುತ್ತಿದ್ದಿರಿ, ಕೊನೆಯದಾಗಿ ಏನು ಕೇಳಿಸಿತು ಅಂತ ಕೇಳಿ. ಫೋನಿನ ಆವೃತ್ತಿ, ಆ್ಯಪ್‌ನ ಆವೃತ್ತಿ ತಾನಾಗೇ ಸೇರಿಕೊಳ್ಳಲಿ. ಯಾವ ಸ್ಕ್ರೀನ್ ರೀಡರ್ ಅನ್ನುವುದನ್ನು ಮಾತ್ರ ಅವರೇ ಬೇಕಿದ್ದರೆ ಬರೆಯಲಿ, ಆ ಖಾನೆ ಐಚ್ಛಿಕವಾಗಿರಲಿ.